ಭಂಡಾರದ ಹಿಂದಿನ ಮುಖ

ಜಮಖಂಡಿಯ ನನ್ನ ಸ್ಟುಡಿಯೋಕ್ಕೆ ಅಣ್ಣತಮ್ಮಂದಿರಿಬ್ಬರು ತೀರಿಹೋದ ತಂದೆಯ ಫೋಟೊ ತಂದರು. ಅದರಲ್ಲಿ ತಂದೆಯೊಬ್ಬರನ್ನು ಬಿಟ್ಟು ಎಲ್ಲವೂ ಇತ್ತು: ತಲೆಗೆ ಸುತ್ತಿದ ಪಟಕ, ಹೆಗಲ ಮೇಲಿನ ಕಂಬಳಿ, ಕಾಲ ಬಳಿ ಒಂದು ಕುರಿಮರಿ. ಮುಖ ಇರಬೇಕಾದಲ್ಲಿ ದಪ್ಪ ಹಳದಿ ಪದರ. ಬೀರೇಶ್ವರನ ಒಕ್ಕಲಿನ ಮನೆತನ. ಅಮಾವಾಸ್ಯೆ, ಹಬ್ಬ ಬಂದರೆ ದೇವರ ಭಂಡಾರವನ್ನು, ಅಂದರೆ ಅರಿಶಿನ ಪುಡಿಯನ್ನು, ಹಿರಿಯರ ಹಣೆಗೂ ಹಚ್ಚಲೇಬೇಕು. ಗಾಜು ಒಡೆದ ಮೇಲೆ ನೇರವಾಗಿ ಕಾಗದಕ್ಕೇ ಹಚ್ಚಿದ್ದಾರೆ. ಪುಣ್ಯಾತ್ಮರು ಭಕ್ತಿಯಿಂದಲೇ ಅಪ್ಪನನ್ನು ಅಳಿಸಿಹಾಕಿದ್ದರು.

"ಅವ್ವಗ ಅಪ್ಪನ ಮಾರಿ ಮರ್ತ ಹೊಂಟೈತ್ರಿ. ಒಮ್ಮೆ ತೋರ್ಸಿದ್ರ ಸಾಕ್ರಿ," ಅಂದ ಮುಧೋಳದಲ್ಲಿ ಮಾಸ್ತರನಾಗಿರುವ ಅಣ್ಣ.

ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಹಳದಿ ತೆಗೆದೆ. ಕೆಳಗೆ ಬರೀ ಬಿಳುಪು. ಮುಖವನ್ನು ತಾನೇ ತುಂಬಿಕೊಡುವ ಬಟನ್ನೊಂದಿದೆಯಲ್ಲ, ಅದನ್ನು ಒತ್ತಿದರೆ ಕುರಿ ಕಾಯುವವನ ಕಂಬಳಿಯೊಳಗಿಂದ ಸಾಬೂನಿನ ಜಾಹೀರಾತಿನವನೊಬ್ಬ ಹಲ್ಲು ಕಿಸಿದ.

"ಮೂಗ ನನ್ನಂಗ ಇತ್ರಿ," ಅಂದ ಅಣ್ಣ.

"ಸುಳ್ಳ ಹೇಳಬ್ಯಾಡ ಅಣ್ಣಾ, ನಿಂದು ಅವ್ವನ ಮೂಗ," ಅಂದ ಕುರಿ ಸಾಕುವ ತಮ್ಮ.

ಸಾಕಪ್ಪಾ ಸಾಕು ಎಂದು ಇಬ್ಬರ ಫೋಟೊವನ್ನೂ ತೆಗೆದು, ಅಣ್ಣನ ಮೂಗು, ತಮ್ಮನ ಕಣ್ಣು ಅಂಟಿಸಿದೆ. ಮೀಸೆಯ ವಿಷಯದಲ್ಲಿ ಮಾತ್ರ ಇಬ್ಬರೂ ಒಂದಾದರು: ದೊಡ್ಡದು. ಇನ್ನೂ ದೊಡ್ಡದು. ಕೊನೆಗೆ ಮೀಸೆ ಕೆನ್ನೆ ದಾಟಿ ಹೆಗಲಿಗಿಳಿಯಿತು. ನನಗೆ ತಲೆ ಕೆಟ್ಟುಹೋಗಿತ್ತು. ಬಿಟ್ಟರೆ ಕುರಿಮರಿಗೂ ಒಂದು ಮೀಸೆ ಬರೆಯುತ್ತಿದ್ದೆ.

ಮರುದಿನ ಬೀಳಗಿ ಬಸ್ಸಿಗೆ ತಾಯಿಯನ್ನು ಕರೆತಂದರು. ಪರದೆ ನೋಡಿದವಳೇ ಮುದುಕಿ ಥಟ್ಟನೆ ತಲೆ ಮೇಲೆ ಸೆರಗೆಳೆದುಕೊಂಡಳು.

"ಯಾರಪಾ ಈ ಗಂಡಸು?" ಎಂದು ಮಗನ ಕಿವಿಯಲ್ಲಿ ಕೇಳಿದಳು.

ನನ್ನ ಮುಖ ಇಷ್ಟೇ ಇಷ್ಟಾಯಿತು. ಅವಳೇ ದೊಡ್ಡ ಮನಸ್ಸು ಮಾಡಿ, "ಯಾರರ ಇರ್ಲಿ, ಬಂದಾರ," ಎನ್ನುತ್ತ ಸೊಂಟದ ಚೀಲದಿಂದ ಭಂಡಾರ ತೆಗೆದು ಪರದೆಯ ಮೇಲಿನ ಹಣೆಗೆ ಹಚ್ಚಿದಳು. ಪುಡಿ ಜಾರಿ ಮೂಗು, ಕಣ್ಣು, ಆ ದರಿದ್ರ ಮೀಸೆಯ ಮೇಲೆಲ್ಲ ಹರಡಿತು. ಅವಳ ಕೈ ಅಲ್ಲೇ ನಿಂತಿತು.

"ಅಯ್ಯ, ನಮ್ಮ ಮನಿಯಾರು!" ಎಂದು ಅಳತೊಡಗಿದಳು.

ಮೀಸೆ ಅಳಿಸಿ, ತೆಗೆದ ಹಳದಿಯನ್ನೆಲ್ಲ ವಾಪಸ್ ಹಾಕಿ ಪ್ರಿಂಟ್ ಕೊಟ್ಟೆ. ಈ ಸಲ ಗಟ್ಟಿ ಗಾಜಿನ ಕಟ್ಟು ಹಾಕಿಸಿ ಎಂದು ಮಕ್ಕಳಿಗೆ ಬುದ್ಧಿಯನ್ನೂ ಹೇಳಿದೆ. ಮುದುಕಿ ಫೋಟೊವನ್ನು ಎದೆಗೆ ಒತ್ತಿಕೊಂಡಳು.

"ಗಾಜ ಬ್ಯಾಡೋ ಯಪ್ಪಾ. ಹಣಿಗಿ ಕೈ ಹತ್ತಂಗಿಲ್ಲ."