ವೀರಭದ್ರನ ಆಣೆ ಮಾಡಿ ಹೇಳು ಅಂದರು

ಇದು 1997ರ ಬೇಸಿಗೆಯ ಮಾತು. ನಾನು ಆಗಷ್ಟೇ ಪಿಯುಸಿ ಮುಗಿಸಿದ್ದೆ. ಕಾಗವಾಡದ ಹತ್ತಿರದ ಹಳ್ಳಿಯಲ್ಲಿ ನಮ್ಮದೊಂದು ದ್ರಾಕ್ಷಿ ತೋಟ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ನಾನೇ. ಹಾಗಾಗಿ ನನ್ನ ಮುಂದಿನ ಓದಿನ ಬಗ್ಗೆ ನನ್ನೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಮಾತಾಡುತ್ತಿದ್ದರು.

ಅಪ್ಪನ ವಿಚಾರ ಸರಳವಾಗಿತ್ತು. ಸಿಇಟಿಯಲ್ಲಿ ಬೆಳಗಾವಿಗೆ ಸರಕಾರಿ ಸೀಟು ಸಿಕ್ಕರೆ ಎಂಜಿನಿಯರಿಂಗ್. ಶನಿವಾರ ಬಸ್ಸು ಹತ್ತಿದರೆ ಮಗಳು ಸಂಜೆಗೆ ಮನೆಯಲ್ಲಿ. ಅದು ತಪ್ಪಿದರೆ ಇರಲಿ ಎಂದು ಮಹಾರಾಷ್ಟ್ರದ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೂ ಅರ್ಜಿ ಹಾಕಿಸಿದ್ದ. ಅಲ್ಲಿ ಜೀವತಂತ್ರಜ್ಞಾನ ಎಂಬ ಹೊಸ ವಿಷಯ ಕಲಿಸುತ್ತಿದ್ದರು. ಹಾಗಂತ ಅಲ್ಲಿ ಸೀಟು ಸುಮ್ಮನೆ ಸಿಗುತ್ತಿರಲಿಲ್ಲ. ಎಲ್ಲೆಲ್ಲಿಂದಲೋ ಹುಡುಗರು ಬಂದು ಪರೀಕ್ಷೆ ಬರೆಯುತ್ತಿದ್ದರು, ಅವರಲ್ಲಿ ಕೆಲವರನ್ನಷ್ಟೇ ಸಂದರ್ಶನಕ್ಕೆ ಕರೆಯುತ್ತಿದ್ದರು. ನನಗೆ ಕರೆ ಬಂದಾಗ ಓಣಿಯವರು ಪೇಢೆ ಕೇಳಿದರು. ಅಪ್ಪ ಮಾತ್ರ, "ಕೈಯಾಗ ಒಂದ ಇರ್ಲಿ ಅಂತ ಬರಸೀನ್ರಿ. ಖರೇ ನೋಡೂದು ಬೆಳಗಾವಿದು," ಅಂದ.

ನನ್ನ ಮನಸ್ಸು ಬೇರೆಯೇ ಇತ್ತು. ಪರೀಕ್ಷೆಗೆ ಹೋದಾಗ ನಮಗೆಲ್ಲ ಅಲ್ಲಿನ ಪ್ರಯೋಗಾಲಯ ತೋರಿಸಿದ್ದರು. ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿದರೆ ದ್ರಾಕ್ಷಿ ಎಲೆಯ ಒಂದು ಚೂರು, ಅದರ ತುಂಬ ಬೂದಿ ರೋಗ! ವರ್ಷ ವರ್ಷವೂ ಅಪ್ಪನ ನಿದ್ದೆ ಕೆಡಿಸುತ್ತಿದ್ದ ಆ ರೋಗಕ್ಕೆ ಬೇರು, ಕೊಂಬೆ ಎಲ್ಲ ಇರುವುದನ್ನು ಅವತ್ತೇ ಕಂಡೆ. ಕಲಿತರೆ ಇಲ್ಲೇ ಕಲಿಯಬೇಕು ಅನ್ನಿಸಿಬಿಟ್ಟಿತು. ಆದರೆ ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ. ನಮ್ಮ ಮನೆಯಲ್ಲಿ ಅಪ್ಪ ಒಂದು ಮಾತು ಅಂದರೆ ಮುಗಿಯಿತು.

ಸಂದರ್ಶನಕ್ಕೆ ಹೊರಡುವ ಮುಂಚೆ ಅಪ್ಪನ ತಮ್ಮ, ನಮ್ಮ ಕಾಕಾ ಬಂದ. ಅವನು ರಾಯಬಾಗದಲ್ಲಿ ಹೈಸ್ಕೂಲ್ ಮಾಸ್ತರ. ಅಪ್ಪನನ್ನೂ ನನ್ನನ್ನೂ ಕೂರಿಸಿಕೊಂಡು ಪಾಠ ಮಾಡಿದ.

"ಒಂದ ಪ್ರಶ್ನಿ ಕೇಳೇ ಕೇಳ್ತಾರ. ನಮ್ದು ನಿಮಗ ಫಸ್ಟ್ ಚಾಯ್ಸ್ ಏನು, ಸರಕಾರಿ ಸೀಟ್ ಸಿಕ್ರ ಬಿಟ್ಟ ಹೋಗ್ತೀರೇನು ಅಂತ. ಇದ ಫಸ್ಟ್ ಅನ್ರಿ. ಎರಡು ದೋಣ್ಯಾಗ ಕಾಲಿಟ್ಟೀವಿ ಅಂತ ಗೊತ್ತಾತಂದ್ರ ಹೆಸರ ಹೊಡದ ಹಾಕ್ತಾರ."

ಮಿರಜಿನ ಬಸ್ಸಿನಲ್ಲಿ ಅಪ್ಪ ಬಾಯಲ್ಲೇ ಗುನುಗುತ್ತ ಕುಳಿತಿದ್ದ, "ಇದ ಫಸ್ಟ್ ರೀ, ಇದ ಫಸ್ಟ್." ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ. ಅಪ್ಪನ ಪಾಲಿಗೆ ಸುಳ್ಳಾದದ್ದು ನನ್ನ ಪಾಲಿಗೆ ಖರೆ. ಅದನ್ನು ಹೇಳುವಾಗ ನನ್ನ ಮುಖ ನೋಡಿ ಅಪ್ಪನಿಗೆ ಗೊತ್ತಾಗಿಬಿಟ್ಟರೆ ಏನು ಗತಿ ಎಂದು ದಾರಿಯುದ್ದಕ್ಕೂ ಹೆದರಿದ್ದೆ.

ಸಂದರ್ಶನದ ಕೋಣೆಗೆ ತಂದೆ ತಾಯಿಯರನ್ನೂ ಕರೆಯುತ್ತಿದ್ದರು. ಮೇಜಿನಾಚೆ ಮೂವರು. ಓದಿನ ಪ್ರಶ್ನೆಗಳಿಗೆ ಹೇಗೋ ಉತ್ತರ ಹೇಳಿದೆ. ಆಮೇಲೆ ನಡುವೆ ಕುಳಿತಿದ್ದ ಹಿರಿಯರು ನನ್ನ ಊರಿನ ಹೆಸರು ಓದಿ ತಲೆ ಎತ್ತಿದರು.

"ಕಾಗವಾಡ ಕಡ್ಯಾವ್ರೇನ್ರಿ? ನಂದು ಚಿಕ್ಕೋಡಿ!"

ಅಪ್ಪನ ಮುಖ ಅರಳಿತು. ಅಷ್ಟರಲ್ಲಿ ಅವರು ನನ್ನ ಕಡೆ ತಿರುಗಿ ಆ ಪ್ರಶ್ನೆ ಕೇಳಿಯೇಬಿಟ್ಟರು. ನಾನು, "ಇದ ಫಸ್ಟ್ ರೀ ಸರ್," ಅಂದೆ. ಅವರು ನಕ್ಕರು.

"ಎಲ್ಲಾರೂ ಹಂಗ ಅಂತಾರವಾ. ಸರಕಾರಿ ಸೀಟ್ ಬಂತಂದ್ರ ಮಾರಿ ತೋರಸೂದಿಲ್ಲ. ನಿಮ್ಮ ಮನಿದೇವರ ಯಾವುದು?"

"ಯಡೂರ ವೀರಭದ್ರ ರೀ."

"ಹಂಗಾರ ವೀರಭದ್ರನ ಆಣಿ ಮಾಡಿ ಹೇಳ ನೋಡೂಣು!"

ಅವರು ನಗುತ್ತಲೇ ಅಂದರು. ಆದರೆ ನಮ್ಮ ಕಡೆ ಯಡೂರ ವೀರಭದ್ರನ ಆಣೆ ಅಂದರೆ ಹುಡುಗಾಟವಲ್ಲ. ಬದುವಿನ ಜಗಳದಲ್ಲಿ ಸುಳ್ಳು ಆಣೆ ಮಾಡಿದವನ ಮನೆಯಲ್ಲಿ ದೀಪ ಹಚ್ಚುವವರು ಉಳಿಯಲಿಲ್ಲ ಎಂದು ಅವ್ವ ಹೇಳಿ ಹೇಳಿಯೇ ನಮ್ಮನ್ನು ಬೆಳೆಸಿದ್ದಳು. ಅಪ್ಪನನ್ನು ನೋಡಿದೆ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಮಗಳು ದೇವರ ಹೆಸರಿನಲ್ಲಿ ಸುಳ್ಳು ಹೇಳಿಬಿಡುತ್ತಾಳೆ ಎಂದು ಅವನಿಗೆ ಭಯ.

ಅಪ್ಪ ಖುರ್ಚಿ ಬಿಟ್ಟು ಎದ್ದು ಕೈ ಮುಗಿದ.

"ಸಾಹೇಬ್ರ, ಆಣಿ ಬ್ಯಾಡ್ರಿ. ಕೂಸಿಗೆ ಸುಳ್ಳ ಹೇಳಾಕ ಕಲಿಸಿಕೊಂಡ ಬಂದೀವ್ರಿ. ಬೆಳಗಾವ್ಯಾಗ ಸೀಟ್ ಸಿಕ್ರ ಅಲ್ಲೇ ಹಾಕಾವ ನಾ. ತಪ್ಪ ನಂದ್ರಿ, ಆಕೀದಲ್ಲ."

ಕನ್ನಡ ಬಾರದ ಇನ್ನಿಬ್ಬರು ಮುಖ ಮುಖ ನೋಡಿಕೊಂಡರು. ಇಷ್ಟು ದಿನದ ಆಸೆ ಕಣ್ಣೆದುರೇ ಮಣ್ಣುಪಾಲಾಗುತ್ತಿತ್ತು. ಈಗ ಸುಮ್ಮನಿದ್ದರೆ ಮುಗಿಯಿತು, ಬಾಯಿ ಬಿಟ್ಟರೆ ಪರಸ್ಥಳದಲ್ಲಿ ಮೂವರ ಮುಂದೆ ಅಪ್ಪನ ಮಾತು ಮೀರಿದಂತೆ. ಆದರೂ ಎದ್ದೆ.

"ಅಪ್ಪಾ, ನಂಗ ಅದು ಸುಳ್ಳಲ್ಲ. ಯಡೂರ ವೀರಭದ್ರನ ಆಣಿ, ನನಗ ಇದ ಮೊದಲು. ಬೆಳಗಾವಿ ಸೀಟ್ ಬಂದ್ರೂ ನಾ ಇಲ್ಲೇ ಕಲೀತೀನಿ."

ಹಿರಿಯರ ನಗು ಎಲ್ಲಿ ಹೋಯಿತೋ. "ನಾ ಚ್ಯಾಷ್ಟಿಗೆ ಅಂದಿದ್ನೆವಾ," ಎಂದು ಮೆಲ್ಲಗೆ ಹೇಳಿ, ಹೋಗಿ ಬನ್ನಿ ಎಂದರು.

ಮರಳುವಾಗ ಅಪ್ಪ ನನ್ನನ್ನು ಬೈಯಲಿಲ್ಲ. ಮಿರಜಿನಲ್ಲಿ ಚಹಾ ಕೊಡಿಸಿದ, ಬಸ್ಸಿನಲ್ಲಿ ಕಿಟಕಿಯ ಜಾಗ ಬಿಟ್ಟುಕೊಟ್ಟ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಮನೆಗೆ ಬಂದ ಮೇಲೂ ಅದೇ. ಊಟಕ್ಕೆ ಕುಳಿತಾಗ ಅವನ ಮುಖ ನೋಡಲು ಹೆದರಿಕೆಯಾಗುತ್ತಿತ್ತು.

ಕೆಲವು ವಾರಗಳ ನಂತರ ವಿಶ್ವವಿದ್ಯಾಲಯದಿಂದ ಆಯ್ಕೆಯಾದ ಪತ್ರ ಬಂತು. ಹಿಗ್ಗಬೇಕೋ ಬೇಡವೋ ಎನ್ನುವಷ್ಟರಲ್ಲಿ ಬೆಳಗಾವಿಯ ಸರಕಾರಿ ಸೀಟೂ ಸಿಕ್ಕಿತು. ಸುದ್ದಿ ಕೇಳಿ ಕಾಕಾ ಓಡೋಡಿ ಬಂದ.

"ಆಣಿದೇನ ಚಿಂತಿ? ಯಡೂರಿಗೆ ಹೋಗಿ ತಪ್ಪ ಕಾಣಿಕಿ ಇಟ್ಟ ಕೈ ಮುಗದ ಬಾ ಅಣ್ಣಾ. ಸಣ್ಣ ಹುಡುಗಿ ಆಡಿದ್ದನ್ನ ದೇವರ ಮನಸಿಗೆ ಹಚ್ಚಿಕೊಳ್ಳೂದಿಲ್ಲ. ಕೈಗೆ ಬಂದ ಸರಕಾರಿ ಸೀಟ್ ಯಾರರೆ ಬಿಡ್ತಾರೇನು?"

ಮಾಡಿದ ಆಣೆ ಮುರಿಯಬೇಕಾಗಿ ಬಂದವರು, ದೇವರಿಗೆ ತಪ್ಪಿ ನಡೆದವರು ಹುಂಡಿಗೆ ಕಾಣಿಕೆ ಹಾಕಿ ಕ್ಷಮೆ ಕೇಳುವುದು ನಮ್ಮಲ್ಲಿ ರೂಢಿ. ಮರುದಿನ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ತೆಂಗಿನಕಾಯಿ ಹಿಡಿದು ಒಬ್ಬನೇ ಯಡೂರಿಗೆ ಹೊರಟ.

ಅಪ್ಪ ಕಾಣಿಕೆ ಇಟ್ಟು ಬಂದರೆ ನನ್ನ ಆಣೆಯೂ ಹೋಯಿತು, ಓದೂ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಮನೆದೇವರನ್ನು ನಡುವೆ ಎಳೆದು ಹೆತ್ತ ಅಪ್ಪನ ಕೈ ಕಟ್ಟಿದೆನಲ್ಲ ಎಂದು ಜೀವ ಹಿಂಡಿದಂತಾಗುತ್ತಿತ್ತು. ಅವ್ವ ಹೊರಗೆ ಜೋಳ ಹಸನು ಮಾಡುತ್ತಿದ್ದಳು. ನಾನು ಬಾಗಿಲಲ್ಲೇ ನಿಂತಿದ್ದೆ.

ಮಧ್ಯಾಹ್ನ ಅಪ್ಪ ಬಂದ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಪ್ರಸಾದದ ವಿಭೂತಿ ನನ್ನ ಹಣೆಗೆ ಹಚ್ಚಿದ.

"ತಪ್ಪ ಕಾಣಿಕಿ ಇಟ್ಟಿಯೇನಪ್ಪಾ?" ಎಂದೆ.

"ಇಟ್ಟ ಬಂದೆ."

ನನ್ನ ಕಣ್ಣು ತುಂಬಿ ಬಂದವು. ಅಪ್ಪ ಟವೆಲಿನಿಂದ ತನ್ನ ಮುಖ ಒರೆಸಿಕೊಂಡ.

"ನಿಂದಲ್ಲ ಯವ್ವಾ. ನಿನ್ನ ಆಣಿ ಹಂಗ ಐತಿ. ಮಗಳಿಗೆ ಏನ ಕಲೀಬೇಕಂತ ಮನಸೈತಿ, ಒಮ್ಮೆರೆ ಕೇಳಲಿಲ್ಲ ನಾನು. ಆ ತಪ್ಪಿಗೆ ಇಟ್ಟ ಬಂದೀನಿ."

ಅಷ್ಟು ಹೇಳಿ, ನನ್ನನ್ನು ಅಲ್ಲಿಗೇ ಓದಲು ಕಳಿಸಲು ಅಟ್ಟದ ಮೇಲಿನ ಟ್ರಂಕು ಇಳಿಸಬೇಕು ಎಂದು ಅವ್ವನನ್ನು ಕೂಗಿದ. ಈಗ ನನ್ನ ಮಗಳೇ ಪಿಯುಸಿಗೆ ಬಂದಿದ್ದಾಳೆ. ಎಲ್ಲಿ ಓದಿಸಬೇಕು ಎಂಬ ಮಾತು ಮನೆಯಲ್ಲಿ ಎದ್ದಾಗಲೆಲ್ಲ ನನಗೆ ಸಣ್ಣಗೆ ಹೆದರಿಕೆಯಾಗುತ್ತದೆ. ನನ್ನ ಮಾತು ಬದಿಗಿಟ್ಟು ಮೊದಲು ಅವಳನ್ನು ಕೇಳುತ್ತೇನೆ.