ತಡೀರಿ ಮೇಡಂ
ಸ್ಕ್ಯಾನ್ ಚಿತ್ರಗಳನ್ನು ಓದುವ ನಮ್ಮ ಡಾಕ್ಟರಮ್ಮನಿಗೆ ಇಡೀ ಆಸ್ಪತ್ರೆ ಇಟ್ಟ ಹೆಸರು 'ತಡೀರಿ ಮೇಡಂ'. ಮನೆಗೆ ಬೆಂಕಿ ಬಿದ್ದರೂ ಮೊದಲು 'ತಡೀರಿ' ಅನ್ನುವ ಜೀವ ಅದು; ಕಾಫಿ ಆರಿ ಕೆನೆಗಟ್ಟಿದರೂ ಪರದೆಯಿಂದ ಕಣ್ಣು ಕೀಳುವವರಲ್ಲ. ಈಚೆಗೆ ಮಾತೇ ನಿಂತುಹೋದ ಒಬ್ಬ ತಾಯಿಯ ಮಿದುಳಿನಲ್ಲಿ ನಿಂಬೆಗಾತ್ರದ ಗಂಟು ಕಂಡಿತು. "ಗಡ್ಡೆನೇ, ನಾಳೆ ತೆಗೆದುಬಿಡ್ತೀನಿ," ಅಂದರು ಸರ್ಜನ್. "ತಡೀರಿ ಸರ್. ಗಡ್ಡೆಯಾದ್ರೆ ಸುತ್ತಲಿನ ಬಿಳಿ ಬಳೆ ಸಾಮಾನ್ಯವಾಗಿ ಮುಚ್ಚಿರುತ್ತೆ. ಇದು ಒಂದು ಕಡೆ ತೆರೆದಿದೆ, ನೋಡಿ. ನರಗಳ ಹೊದಿಕೆ ಸವೆದು ಬಂದ ಊತ ಅನ್ಸುತ್ತೆ. ಮೊದಲು ಸ್ಟೀರಾಯ್ಡ್ ಕೊಟ್ಟು ನೋಡೋಣ." ಕೆಲವೇ ದಿನಗಳಲ್ಲಿ ಊತ ಮಂಜಿನಂತೆ ಕರಗಿತು; ಒಂದು ಬೆಳಿಗ್ಗೆ ಮಾತೂ ಮರಳಿತು. ಸ್ಕ್ಯಾನ್ ನೋಡುವ ಕತ್ತಲ ಕೋಣೆ ಬಿಟ್ಟು ಕದಲದ ಮೇಡಂ ಅಂದು ನಮ್ಮ ವಾರ್ಡಿಗೆ ಬಂದರು. ಆ ತಾಯಿ ಮಗಳನ್ನು "ಬಾರೇ ಪುಟ್ಟಿ" ಎಂದು ಕರೆಯುವುದನ್ನು ಬಾಗಿಲಲ್ಲೇ ನಿಂತು ಕೇಳಿ, ನನ್ನ ಕೈ ಹಿಡಿದುಕೊಂಡರು: "ಆ ಮಿದುಳನ್ನ ಇಂಚಿಂಚೂ ನೋಡಿದ್ನಲ್ಲ ಸಿಸ್ಟರ್, ಈ ದನಿ ಅದರಲ್ಲಿ ಎಲ್ಲಿತ್ತು?"