ಎಡಗೈಯ ಸಣ್ಣ ಪೆಟ್ಟುಗಳು

ಹಾಡುವವಳಿಗೆ ಡ್ರಮ್ ಬಾರಿಸುವವನ ಮುಖ ಕಾಣುವುದಿಲ್ಲ. ಅವನು ಬೆನ್ನ ಹಿಂದೆ ಇರುತ್ತಾನೆ. ತೊಂಬತ್ತರ ದಶಕದ ಕೊನೆಯ ಕೆಲವು ವರ್ಷ ನಾನು ಕೊಟ್ಟೂರಿನ ಒಂದು ರಸಮಂಜರಿ ತಂಡದಲ್ಲಿ ಹಾಡುತ್ತಿದ್ದೆ. ಮದುವೆಯ ಆರತಕ್ಷತೆ, ಶಾಲೆಯ ವಾರ್ಷಿಕೋತ್ಸವ, ಗಣಪತಿ ಕೂಡಿಸಿದ ಪೆಂಡಾಲು, ಎಲ್ಲಿ ಕರೆದರೂ ಹೋಗಿ ಸಿನಿಮಾ ಹಾಡು ಹೇಳಿ ಬರುವುದು ನಮ್ಮ ಕೆಲಸ. ತಂಡ ಕಟ್ಟಿದವರು ಕೀಬೋರ್ಡ್ ನುಡಿಸುವ ಮಾಸ್ತರರು. ನನ್ನ ಹಿಂದೆ ಡ್ರಮ್ ಸೆಟ್ಟಿಗೆ ಕೂರುತ್ತಿದ್ದವನು ನನಗಿಂತ ಹತ್ತು ವರ್ಷವಾದರೂ ಚಿಕ್ಕವನು. ನನ್ನನ್ನು ಅಕ್ಕ ಎನ್ನುತ್ತಿದ್ದ. ಅವನ ಕೈ ನನಗೆ ಎಷ್ಟು ಗೊತ್ತಿತ್ತೆಂದರೆ, ಅವನಿಗೆ ನೆಗಡಿಯಾಗಿದ್ದರೂ ಮೊದಲ ಹಾಡಿನ ಮೊದಲ ಸಾಲಿಗೇ ನನಗೆ ತಿಳಿಯುತ್ತಿತ್ತು.

ಅವನು ಹೊಸಹಳ್ಳಿ ಕಡೆಯವನು. ಮನೆತನದಲ್ಲಿ ಹಲಗೆ ಬಾರಿಸುತ್ತಿದ್ದರು. ಅಪ್ಪ ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಹೋದಾಗ ಇವನೂ ಜೊತೆಗೆ ಹೋಗಿ, ಅಲ್ಲಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ್ದ. ಆ ಹೋಟೆಲಿನಲ್ಲಿ ಸಂಜೆ ಬ್ಯಾಂಡು ನುಡಿಸುತ್ತಿದ್ದರು. ಅದರ ಮುದುಕ ಡ್ರಮ್ಮರನ ಬೆನ್ನು ಬಿದ್ದು ರಾಕ್, ಜಾಝ್ ಎಲ್ಲ ಕಲಿತು ಬಂದ. ಹಲಗೆ ಬಾರಿಸುವವರು ಬಲಗೈಯಲ್ಲಿ ದಪ್ಪ ಕೋಲು, ಎಡಗೈಯಲ್ಲಿ ತೆಳ್ಳನೆಯ ಕಡ್ಡಿ ಹಿಡಿಯುತ್ತಾರೆ. ಇವನು ಡ್ರಮ್ಮಿಗೂ ಎಡಗೈಯನ್ನು ಹಾಗೇ ಇಡುತ್ತಿದ್ದ. ಅಂಗೈ ಮೇಲಕ್ಕೆ, ಕಡ್ಡಿಯ ಬುಡ ಹೆಬ್ಬೆರಳ ಸಂದಿಯಲ್ಲಿ, ನಡುಭಾಗ ಉಂಗುರಬೆರಳಿನ ಮೇಲೆ. ಜಾಝ್ ಬಾರಿಸುವ ಹಳಬರೂ ಹೀಗೇ ಹಿಡಿಯುತ್ತಾರಂತೆ.

"ಯಾರು ಕಲಿಸಿದ್ರು ಇದನ್ನ ಅಂತ ಮುದುಕ ಕೇಳಿದ ನೋಡ್ರಿ ಅಕ್ಕ. ನಮ್ಮಪ್ಪ ಅಂದೆ. ನಿಮ್ಮಪ್ಪ ಯಾವ ಹೋಟೆಲ್ನಾಗ ನುಡಿಸ್ತಾನ ಅಂದ. ಹೋಟೆಲ್ನಾಗ ಒಳಗ ಬಿಡಂಗಿಲ್ರಿ, ಮದುವಿಗೆ, ಮಣ್ಣಿಗೆ ನುಡಿಸ್ತಾನ ಅಂದೆ." ಇದನ್ನು ಹೇಳಿ ಅವನು ನಗುತ್ತಿದ್ದ. ನಾವೂ ನಗುತ್ತಿದ್ದೆವು, ಸ್ವಲ್ಪ ತಡವಾಗಿ.

ಅವನು ಬಾರಿಸುವ ಬಗೆಯನ್ನು ಹೇಗೆ ಹೇಳಲಿ. ಕುಣಿತದ ಹಾಡಿಗೆ ಅವನು ರಾಕ್ ಹಾಕಿದರೆ ವೇದಿಕೆಯ ಮರದ ಹಲಗೆಗಳ ಮೂಲಕ ಅದು ನನ್ನ ಅಂಗಾಲಿಗೆ ಬರುತ್ತಿತ್ತು. ಕಾಲಿನಿಂದ ಒತ್ತಿ ಬಾರಿಸುವ ದೊಡ್ಡ ಡ್ರಮ್ ತಾಳದ ಒಂದನೆಯ ಎಣಿಕೆಗೆ, ಎಡಗೈಯ ಪೆಟ್ಟು ಎರಡನೆಯದಕ್ಕೆ. ಆ ಎರಡನೆಯದು ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಬೀಳುತ್ತಿತ್ತು. ತಪ್ಪಲ್ಲ, ಬೇಕೆಂದೇ ಹಿಂದೆ. ಅದರಿಂದ ಹಾಡಿಗೆ ಒಂದು ಭಾರ ಬರುತ್ತಿತ್ತು, ತುಂಬಿದ ಕೊಡ ಹೊತ್ತವಳು ನಡೆಯುವ ಹಾಗೆ. ಅದೇ ಮನುಷ್ಯ ನಿಧಾನದ ಹಾಡಿಗೆ ಕಡ್ಡಿ ಬಿಟ್ಟು ತಂತಿಯ ಬ್ರಷ್ ಹಿಡಿದು ಡ್ರಮ್ಮಿನ ಮೇಲೆ ಸವರಿದರೆ ಯಾರೋ ಪಕ್ಕದ ಮನೆಯಲ್ಲಿ ಸಜ್ಜೆ ಕೇರುತ್ತಿದ್ದಾರೆ ಅನ್ನಿಸಬೇಕು. ಜಾಝ್ ಲಯವನ್ನು ಅವನು ನಮ್ಮ ಹಾಡುಗಳ ಒಳಗೆ ಗೊತ್ತಾಗದಂತೆ ಸೇರಿಸುತ್ತಿದ್ದ. ಬಲಗೈ ಸಿಂಬಲ್ ಎಂಬ ಕಂಚಿನ ತಟ್ಟೆಯ ಮೇಲೆ ಕುಂಟುತ್ತ ನಡೆಯುವುದು, ಎಡಗೈ ಆ ನಡಿಗೆಯ ಸಂದಿಯಲ್ಲಿ ಮಾತಾಡುವುದು.

ಆ ಎಡಗೈಯ ಮಾತೇ ನನಗೆ ಮುಖ್ಯ. ದೊಡ್ಡ ಪೆಟ್ಟುಗಳು ಜನರಿಗೆ. ದೊಡ್ಡ ಪೆಟ್ಟುಗಳ ನಡುವೆ ಅವನು ಕಡ್ಡಿಯ ತುದಿಯನ್ನು ಡ್ರಮ್ಮಿನ ಮೇಲೆ ಬರೀ ಇಳಿಬಿಡುತ್ತಿದ್ದ. ಒಂದು, ಎರಡು, ಕೆಲವೊಮ್ಮೆ ಮೂರು, ಕಾಳು ಉದುರಿದಷ್ಟೇ ಸದ್ದು. ಮುಂದೆ ಕೂತವರಿಗೆ ಅದು ಕೇಳುವುದೇ ಇಲ್ಲ. ಕೇಳದಿದ್ದರೂ ತಲೆ ತೂಗುತ್ತಾರೆ. ಎರಡು ಸಾಲುಗಳ ನಡುವೆ ನಾನು ಉಸಿರು ತೆಗೆದುಕೊಳ್ಳುವಾಗ ಆ ಕಾಳುಗಳ ಮೇಲೆ ಕಾಲಿಟ್ಟು ದಾಟುತ್ತಿದ್ದೆ.

ಹಡಗಲಿಯ ಒಂದು ಮದುವೆಯಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ, ನಾನು ಮೊದಲ ಸಲ ಎಡವಿದೆ. ಉಸಿರು ತೆಗೆದುಕೊಂಡೆ, ಕಾಲಿಡಲು ಏನೂ ಇರಲಿಲ್ಲ. ಮುಂದಿನ ಸಾಲನ್ನು ಅವಸರದಲ್ಲಿ ಹಿಡಿದುಕೊಂಡೆ. ಯಾರಿಗೂ ಗೊತ್ತಾಗಲಿಲ್ಲ. ಮೈಕ್ ಸೆಟ್ಟಿನವನು ಏನೋ ತಿರುವಿದ್ದಾನೆ ಅಂದುಕೊಂಡೆ. ಆದರೆ ಆಮೇಲಿನ ಕಾರ್ಯಕ್ರಮಗಳಲ್ಲೂ ಹಾಗೇ ಆಯಿತು. ಸಣ್ಣ ಪೆಟ್ಟುಗಳು ಒಮ್ಮೆ ಇರುತ್ತಿದ್ದವು, ಒಮ್ಮೆ ಇರುತ್ತಿರಲಿಲ್ಲ. ದೊಡ್ಡ ಪೆಟ್ಟುಗಳು ಮಾತ್ರ ಇನ್ನೂ ದೊಡ್ಡವಾಗುತ್ತಿದ್ದವು. ಹರಪನಹಳ್ಳಿಯಲ್ಲಿ ಕಾರ್ಯಕ್ರಮ ಮುಗಿಸಿ ಸಾಮಾನು ಕಟ್ಟುವಾಗ ಮಾಸ್ತರರು ಖುಷಿಯಲ್ಲಿದ್ದರು.

"ಏನು ಬಾರಿಸಿದಿ ಲೇ ಇವತ್ತು! ಮಂಟಪದ ತಗಡು ಹಾರಿ ಹೋಗತಾವ ಅನ್ಕೊಂಡಿದ್ದೆ."

"ಹಾರಿದ್ರ ನಿಮ್ಮ ತಲಿ ಮ್ಯಾಲೆ ಬೀಳತಿದ್ವು ಬಿಡ್ರಿ ಮಾಸ್ತರ್. ಕೂದಲಾ ಇಲ್ಲ, ನೇರ ತಾಕತಿದ್ವು."

ಎಲ್ಲರೂ ನಕ್ಕರು. ನನಗೆ ಮಾತ್ರ ಆ ಜೋರು ಇಷ್ಟವಾಗಲಿಲ್ಲ. ಕತ್ತಲಲ್ಲಿ ನಡೆಯುವವನು ಹೆಜ್ಜೆಯನ್ನು ಒತ್ತಿ ಒತ್ತಿ ಇಡುತ್ತಾನಲ್ಲ, ಹಾಗಿತ್ತು ಅದು.

ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಬೇಸಿಗೆಯ ಮದುವೆ. ನಮ್ಮ ಕಬ್ಬಿಣದ ಸ್ಟ್ಯಾಂಡುಗಳನ್ನು ಬಿಸಿಲಲ್ಲೇ ಇಳಿಸಿಟ್ಟಿದ್ದರು. ಅವನ್ನು ಒಳಗೆ ಒಯ್ಯುವಾಗ ಎಲ್ಲರೂ ಕೈಗೆ ಟವೆಲ್ ಸುತ್ತಿಕೊಂಡರು. ಅವನು ಬಲಗೈಯಲ್ಲಿ ಡ್ರಮ್ ಅವಚಿಕೊಂಡು, ಬರಿ ಎಡಗೈಯಲ್ಲಿ ಸ್ಟ್ಯಾಂಡು ಎತ್ತಿಕೊಂಡು, ಏನೋ ಹಾಡು ಗುನುಗುತ್ತ ಮೆಟ್ಟಿಲು ಹತ್ತಿದ. ಎರಡು ದಿನ ಬಿಟ್ಟು ಕೊಟ್ಟೂರಿನಲ್ಲಿ ನಮ್ಮ ಅಭ್ಯಾಸವಿತ್ತು. ಮುಚ್ಚಿದ ಶೇಂಗಾ ಮಿಲ್ಲಿನ ಗೋದಾಮು ಅದು, ಮಾಸ್ತರರು ಇನ್ನೂ ಬಂದಿರಲಿಲ್ಲ. ಅವನ ಎಡಗೈಯ ಕಿರುಬೆರಳಿನ ಹೊರಮಗ್ಗುಲಲ್ಲಿ ಒಂದು ಗುಳ್ಳೆ ಒಡೆದು ಹಸಿಯಾಗಿತ್ತು.

"ಏನಪ್ಪಾ ಅದು ಕೈಯಾಗ?"

ಅವನು ತಿರುಗಿಸಿ ನೋಡಿಕೊಂಡ. "ಅಯ್ಯ, ಯಾವಾಗ ಆತೋ ಏನೋ."

"ಉರಿಯಂಗಿಲ್ಲೇನು?"

"ಇಲ್ಲಕ್ಕ. ಡ್ರಮ್ಮಿನವನ ಕೈ ಅಲ್ಲೇನ್ರಿ, ದಡ್ಡುಗಟ್ಟೇತಿ." ಅದನ್ನು ಅವನು ಹೆಮ್ಮೆಯಿಂದಲೇ ಹೇಳಿದ. ಹಲಗೆಯವರ ಮನೆಯಲ್ಲಿ ದಡ್ಡುಗಟ್ಟಿದ ಕೈ ಎಂದರೆ ಕಲಿತ ಕೈ. ಎಡಗೈ ಮರಗಟ್ಟುತ್ತ ಬಂದಷ್ಟೂ ಅವನು ತಾನು ಪಳಗುತ್ತಿದ್ದೇನೆ ಅಂದುಕೊಂಡಿದ್ದ.

"ಕಡ್ಡಿ ಕುಂದ್ರೋದು ಉಂಗುರಬೆರಳಿನ ಮ್ಯಾಲೆ. ಇಲ್ಲಿ ಯಾಕ ದಡ್ಡು ಕಟ್ಟತೈತಿ?" ಅಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

ನಾನು ಹುಡುಗಿಯಾಗಿದ್ದಾಗ ಗುಡೇಕೋಟೆಯಲ್ಲಿ ನನ್ನ ಚಿಕ್ಕಮ್ಮ ಹೆಂಚಿನ ಮೇಲಿನ ರೊಟ್ಟಿಯನ್ನು ಬರಿ ಬೆರಳಲ್ಲಿ ತಿರುವುತ್ತಿದ್ದಳು. ಅವಳ ಕೈಗೆ ಬೆಂಕಿ ತಾಗುವುದಿಲ್ಲ ಎಂದು ನಾವು ಮಕ್ಕಳು ಬೆರಗಾಗುತ್ತಿದ್ದೆವು. ಆ ಬೆರಳುಗಳು ಆಮೇಲೆ ಒಂದೊಂದಾಗಿ ಮೊಂಡಾದದ್ದನ್ನು ನಾನು ನೋಡಿದ್ದೇನೆ.

"ಕಣ್ಣು ಮುಚ್ಚು ತಮ್ಮಾ," ಅಂದೆ. "ನಾನು ಮುಟ್ಟಿದಾಗ ಹೂಂ ಅನ್ನು."

ಅವನು ಆಟವೆಂದುಕೊಂಡು ಕಣ್ಣು ಮುಚ್ಚಿದ. ಸೀರೆಯ ಸೆರಗಿನ ಒಂದು ಎಳೆಯನ್ನು ಹೆಬ್ಬೆರಳಿಗೆ ತಾಗಿಸಿದೆ. "ಹೂಂ." ತೋರುಬೆರಳಿಗೆ. "ಹೂಂ." ಆಮೇಲೆ ಸುಮ್ಮನಾದ. ಗೋದಾಮಿನ ತಗಡಿನ ಮೇಲೆ ಪಾರಿವಾಳಗಳು ಓಡಾಡುವ ಸದ್ದು ಕೇಳುತ್ತಿತ್ತು.

"ಹೂಂ, ಮುಟ್ರಿ ಅಕ್ಕ. ಯಾಕ ನಿಂತ್ರಿ?"

ಎಳೆ ಅವನ ಕಿರುಬೆರಳಿನ ಮೇಲೇ ಇತ್ತು.

ಅವನು ಕಣ್ಣು ತೆರೆದು ಎಳೆಯನ್ನು ನೋಡಿದ. ನನ್ನನ್ನು ನೋಡಿದ. ಆಮೇಲೆ ಅಂಗಿಯ ತೋಳು ಮೇಲೆ ಸರಿಸಿ, ಮೊಣಕೈಯ ಹತ್ತಿರ ಒಂದು ತಿಳಿ ಬಣ್ಣದ ಕಲೆ ತೋರಿಸಿದ. "ಇದು ಚಿಬ್ಬು ಅಲ್ಲೇನ್ರಿ?" ಎಂದು ಕೇಳಿದ. ಬೇಸಿಗೆಯಲ್ಲಿ ಎಲ್ಲರಿಗೂ ಬರುವ ಚಿಬ್ಬು ಎಂದು ನಾನು ಹೇಳಲಿ ಎಂಬ ಆಸೆ ಆ ಪ್ರಶ್ನೆಯಲ್ಲಿತ್ತು. ಕುಷ್ಠ ಎಂಬ ಹೆಸರನ್ನು ನಮ್ಮ ಕಡೆ ಬಾಯಿಬಿಟ್ಟು ಹೇಳುವುದಿಲ್ಲ, ದೊಡ್ಡ ರೋಗ ಎನ್ನುತ್ತಾರೆ. ನಾನು ಅಷ್ಟನ್ನೂ ಹೇಳಲಿಲ್ಲ. "ಕೂಡ್ಲಿಗಿ ಆಸ್ಪತ್ರಿಗೆ ನಾಳೆ ನಾನೂ ಬರ್ತೀನಿ," ಎಂದೆ.

"ನಾವು ಮುಟ್ಟಿದ್ದನ್ನ ಮಂದಿ ಮೊದಲಾ ಮುಟ್ಟತಿದ್ದಿಲ್ಲ," ಅಂದ ಅವನು. "ಈ ಕಡ್ಡಿಯಿಂದ ಅದೊಂದೀಟು ಹಿಂದಕ್ಕ ಸರಿದಿತ್ತು."

ಕೂಡ್ಲಿಗಿಯಲ್ಲಿ ಅವನನ್ನು ಪರೀಕ್ಷಿಸಿದವರು ವಯಸ್ಸಾದ ಆರೋಗ್ಯ ಸಹಾಯಕರು. ಮೊಣಕೈಯ ಒಳಗಿನ ನರವನ್ನು ಬೆರಳ ತುದಿಯಲ್ಲಿ ಹೊರಳಿಸಿ ನೋಡಿದರು. "ಹುರಿ ಆದಂಗ ಆಗೇತಿ," ಎಂದರು. ವೈದ್ಯರೂ ನೋಡಿ ಹೇಳಿದರು. ಗುಳಿಗೆ ನುಂಗಿದರೆ ರೋಗ ಖಂಡಿತ ಹೋಗುತ್ತದೆ, ಇನ್ನೊಬ್ಬರಿಗೆ ಹಬ್ಬುವುದೂ ನಿಲ್ಲುತ್ತದೆ, ಅದಕ್ಕೆ ಹೆದರುವುದು ಬೇಡ. ನರದ ಬಾವು ಇಳಿಸಲು ಬೇರೆ ಗುಳಿಗೆ ಕೊಡುತ್ತೇವೆ. ಆದರೆ ಬೆರಳಿಗೆ ಮತ್ತೆ ಸ್ಪರ್ಶ ಬರುತ್ತದೋ ಇಲ್ಲವೋ ಎಂಬುದು, ಅದು ಹೋಗಿ ಎಷ್ಟು ಕಾಲವಾಗಿದೆ ಎಂಬುದರ ಮೇಲಿದೆ. ಯಾವಾಗಿನಿಂದ ಹೀಗಿದೆ?

ಅವನಿಗೆ ಗೊತ್ತಿರಲಿಲ್ಲ. ಇಲ್ಲದ್ದು ಯಾವಾಗ ಇಲ್ಲವಾಯಿತು ಎಂದು ಕೈ ಹೇಳುವುದಿಲ್ಲ. ಅವನು ನನ್ನ ಕಡೆ ತಿರುಗಿದ.

"ಸಂಕ್ರಾಂತಿ ಆದಮ್ಯಾಲೆ," ಎಂದೆ. "ಹಡಗಲಿ ಮದುವಿಯಿಂದ. ಅದಕ್ಕಿಂತ ಮೊದಲು ಎಲ್ಲ ಕೇಳತಿತ್ತು."

ವೈದ್ಯರು ಪೆನ್ನು ಹಿಡಿದುಕೊಂಡೇ ನನ್ನನ್ನು ನೋಡಿದರು. "ಕೇಳತಿತ್ತಾ?" ಎಂದರು.

ಗುಳಿಗೆಯಿಂದ ಅವನ ಮೈಬಣ್ಣ ಕಪ್ಪಾಗತೊಡಗಿದಾಗ ಮಾಸ್ತರರಿಗೆ ಅವನೇ ಹೇಳಿದ. ಅವರು ಕೆಟ್ಟ ಮನುಷ್ಯರಲ್ಲ. ಅವನ ಹೆಗಲ ಮೇಲೆ ಕೈಯಿಟ್ಟೇ ಮಾತಾಡಿದರು. "ನನಗ ಹೆದರಿಕಿ ಇಲ್ಲಪ. ಮದುವಿ ಮನ್ಯಾಗ ಯಾರರ ಒಬ್ಬರು ಕೈ ನೋಡಿ ಎದ್ದು ಹೋದ್ರ ನಿನಗ ಹೆಂಗಾಗತೈತಿ, ಅದನ್ನ ವಿಚಾರ ಮಾಡು." ಆಗ ಎಲ್ಲ ತಂಡಗಳಿಗೂ ರಿದಂ ಪ್ಯಾಡ್ ಬರುತ್ತಿತ್ತು. ಒಂದು ಪೆಟ್ಟಿಗೆ, ಅದರ ಮೇಲೆ ರಬ್ಬರಿನ ಚೌಕಗಳು. ಹೇಗೆ ತಾಗಿಸಿದರೂ ಒಳಗೆ ತುಂಬಿಟ್ಟ ಸದ್ದೇ ಹೊರಗೆ ಬರುತ್ತದೆ. ಮಾಸ್ತರರು ಅದನ್ನೇ ತಂದು ಅವನ ಮುಂದೆ ಇಟ್ಟರು. ಎಡಗೈಗೆ ತೆಳ್ಳನೆಯ ಬಟ್ಟೆ ಸುತ್ತಿಕೊಂಡು ಅವನು ಕೆಲವು ಮದುವೆಗಳಲ್ಲಿ ಅದನ್ನು ಬಾರಿಸಿದ. ಎಲ್ಲ ಪೆಟ್ಟುಗಳೂ ಬಂದವು, ಎಲ್ಲವೂ ಒಂದೇ ಎತ್ತರ. ಜನ ಕುಣಿದರು. ನಾನು ಉಸಿರು ತೆಗೆದುಕೊಳ್ಳುವಲ್ಲಿ ತೆಗೆದುಕೊಂಡೆ, ಹಾಡಿದೆ.

ಒಂದು ದಿನ ಅವನು ಪ್ಯಾಡನ್ನು ಪೆಟ್ಟಿಗೆಗೆ ಹಾಕುತ್ತ ಹೇಳಿದ. "ಯಕ್ಕಾ, ನಾನು ಇದನ್ನ ಬಾರಿಸಂಗಿಲ್ಲ. ನನ್ನ ಕೈ ಬರೋಬರಿ ಐತಿ ಅಂತ ಇದು ದಿನಾ ನನಗ ಸುಳ್ಳು ಹೇಳತೈತಿ."

ಆಮೇಲೆ ಮಧ್ಯಾಹ್ನಗಳಲ್ಲಿ ಅವನು ಗೋದಾಮಿಗೆ ಒಬ್ಬನೇ ಹೋಗಿ ಹಳೆಯ ಡ್ರಮ್ಮಿನ ಮುಂದೆ ಕೂರಲು ಶುರುಮಾಡಿದ. ಕೆಲಸ ಮುಗಿಸಿ ನಾನೂ ಹೋಗುತ್ತಿದ್ದೆ. ಎದುರಿಗೆ ಒಂದು ಗೋಣಿಚೀಲ ಹಾಸಿ ಕೂರುತ್ತಿದ್ದೆ. ಬೆರಳಿಗೆ ಗೊತ್ತಾಗದ್ದನ್ನು ಕಣ್ಣಿನಿಂದ ತಿಳಿದುಕೊಳ್ಳಲು ಅವನಿಗೆ ಇಷ್ಟವಿರಲಿಲ್ಲ. ನೋಡಿ ಬಾರಿಸಿದರೆ ತಡವಾಗುತ್ತದೆ ಎನ್ನುತ್ತಿದ್ದ. ಕಣ್ಣು ಮುಚ್ಚಿಕೊಂಡು, ಹಲಗೆಯವರ ಹಿಡಿತದಲ್ಲೇ ಎಡಗಡ್ಡಿಯನ್ನು ಇಳಿಬಿಡುತ್ತಿದ್ದ. ಅದರ ಮೇಲೆ ಬಲಗೈ ತಟ್ಟೆಯನ್ನು ಜೋರಾಗಿ ನಡೆಸುತ್ತಿತ್ತು. ಆ ಗದ್ದಲದೊಳಗೆ ತನ್ನ ಸಣ್ಣ ಪೆಟ್ಟು ಬಿದ್ದಿತೋ ಇಲ್ಲವೋ ಅವನಿಗೇ ಕೇಳುತ್ತಿರಲಿಲ್ಲ. ಮೊದಲಾದರೆ ಬೆರಳು ಹೇಳುತ್ತಿತ್ತು.

"ಬಿತ್ತೇನ್ರಿ?"

"ಇಲ್ಲ."

"ಈಗ?"

"ಜೋರಾತು."

"ಈಗ?"

"ಇಲ್ಲ."

ಮೊದಮೊದಲು ಅವನ ಮುಖ ನೋಡಿಕೊಂಡು ಇಲ್ಲ ಎನ್ನುವುದು ನನ್ನಿಂದ ಆಗುತ್ತಿರಲಿಲ್ಲ. ಒಮ್ಮೆ ತಡವರಿಸಿದೆ. ಅವನು ಕಣ್ಣು ತೆರೆಯದೆ, "ನೀವೂ ಪ್ಯಾಡ್ ಆಗಬ್ಯಾಡ್ರಿ ಅಕ್ಕ," ಎಂದ. ಆಮೇಲಿನಿಂದ ನಾನು ನೆಲ ನೋಡಿಕೊಂಡು ಹೇಳತೊಡಗಿದೆ.

ಉಳಿದ ಬೇಸಿಗೆ, ಮಳೆಗಾಲ ಎರಡೂ ಹೀಗೇ ಹೋದವು. ನರದ ಬಾವು ಇಳಿಯಿತು. ಕಲೆ ಮಾಸಿತು. ಕಿರುಬೆರಳು ಸ್ವಲ್ಪ ಒಳಕ್ಕೆ ಬಾಗಿಯೇ ನಿಂತಿತು, ಅದು ಇನ್ನು ನೆಟ್ಟಗಾಗುವುದಿಲ್ಲ ಎಂದು ಕೂಡ್ಲಿಗಿಯಲ್ಲಿ ಹೇಳಿದರು. ಉಂಗುರಬೆರಳಿನ ವಿಷಯದಲ್ಲಿ ಅವರು ಏನೂ ಹೇಳಲಿಲ್ಲ. ಮಾಸ್ತರರು ಇನ್ನೊಬ್ಬ ಹುಡುಗನನ್ನು ಪ್ಯಾಡಿಗೆ ಹಾಕಿಕೊಂಡಿದ್ದರು. ಮದುವೆಗಳಲ್ಲಿ ನನ್ನ ಹಿಂದೆ ಈಗ ಆ ಹೊಸ ಹುಡುಗನಿರುತ್ತಿದ್ದ, ನಾನು ಅವನ ಬಗ್ಗೆ ಏನನ್ನೂ ತಿಳಿಯಲು ಹೋಗಲಿಲ್ಲ.

ಸಜ್ಜೆ ಕೊಯ್ಲಿನ ದಿನಗಳಲ್ಲಿ ಒಂದು ಮಧ್ಯಾಹ್ನ ಅವನು ಎಂದಿನಂತೆ ಕಣ್ಣು ಮುಚ್ಚಿ ಕೂತಿದ್ದ. ತಟ್ಟೆ ಕುಂಟುತ್ತ ನಡೆಯುತ್ತಿತ್ತು. ಅದರ ಸಂದಿಯಲ್ಲಿ ಒಂದು ಕಾಳು ಉದುರಿತು. ಜೋರಲ್ಲ, ಮೆತ್ತಗೆ, ಸರಿಯಾಗಿ. ನಾನು ಬಾಯಿ ತೆರೆಯುವ ಮೊದಲೇ ಅವನು, "ಬಿತ್ತು," ಎಂದ. "ನನಗ ಗೊತ್ತಾತು. ಉಂಗುರಬೆರಳಿಗೆ ಬಂತು, ಇರಿವಿ ಹರದಂಗ."

"ಬಿತ್ತು," ಅಂದೆ ನಾನೂ.

ಅವನು ನಿಲ್ಲಿಸಲಿಲ್ಲ. ತಟ್ಟೆಯನ್ನು ನಡೆಸುತ್ತಲೇ ಇನ್ನೊಂದನ್ನು ಇಳಿಬಿಟ್ಟ. ದನಿ ಅರಳಿತ್ತು. "ಇದೂ ಬಿತ್ತು," ಎಂದ.

ಕಡ್ಡಿಯ ತುದಿ ಡ್ರಮ್ಮಿಗೆ ತಾಗಿದ ಸದ್ದು ಬಂದಿರಲಿಲ್ಲ. ಬೆರಳು ಹೇಳಿದ್ದು ಸುಳ್ಳೋ, ಆಸೆಯೋ, ನನಗೆ ಗೊತ್ತಿಲ್ಲ. ನೆಲ ನೋಡುವುದನ್ನು ಬಿಟ್ಟು ನಾನು ಅವನನ್ನು ನೋಡಿದೆ.

"ಇಲ್ಲ ತಮ್ಮಾ," ಎಂದೆ.

ಅವನು ಬಲಗೈ ನಿಲ್ಲಿಸಿದ. ತಟ್ಟೆಯ ಸದ್ದು ತಾನಾಗಿ ಅಡಗುವವರೆಗೂ ಕಾದ. ಬಾಗಿದ ಕಿರುಬೆರಳನ್ನು ಬಲಗೈಯಿಂದ ಸರಿಸಿ, ಉಂಗುರಬೆರಳಿನ ಮೇಲೆ ಕಡ್ಡಿಯನ್ನು ಮತ್ತೆ ಕೂಡಿಸಿಕೊಂಡ. ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡು, ಮೊದಲಿಗಿಂತ ನಿಧಾನವಾಗಿ, ಅದೇ ಲಯವನ್ನು ಶುರುಮಾಡಿದ.